ಎಷ್ಟು ಬಾಣಂತನ

ಬೆಂಗಳೂರು
೧೨-೧೧-೧೯೪೬, ಮಂಗಳವಾರ

ಚಿ|| ಸೌ|| ದೇವಿರಮ್ಮನಿಗೆ ನಿನ್ನ ಸೋದರಮಾವ ಚಲುವರಾಜುವಿನ ಆಶೀರ್ವಾದಗಳು.

ನಾನಿಲ್ಲಿ ಚೆನ್ನಾಗಿದ್ದೇನೆ, ನೀವಲ್ಲಿ ಹೇಗಿದ್ದೀರಿ ಎಂದು ಕೇಳಿ ಕಾಗದ ಶುರು ಮಾಡಬೇಕು. ಅದನ್ನು ಬರೆಯಲು ಹೋಗಿ ಎರಡು ಹಾಳೆ ಹರಿದೆ. ಆದ್ದರಿಂದ ಬೈಗುಳದಿಂದಲೇ ಶುರುವಾಗಲಿ. ನೀನು ಮದುವೆಯಾದ ಮೇಲೆ ಬರೆದ ಕಾರ್ಡು, ಕೂಸು ಹುಟ್ಟಿದಾಗ ಬರೆದ ಕಾರ್ಡು, ಎರಡೂ ನನ್ನ ಮೇಜಿನ ಮೇಲೆಯೇ ಇವೆ. ಎರಡಕ್ಕೂ ಉತ್ತರ ಬರೆಯಲಿಲ್ಲ. ತೊಟ್ಟಿಲು ಶಾಸ್ತ್ರಕ್ಕೂ ಬರಲಿಲ್ಲ. ಯುದ್ಧದ ಗಲಾಟೆ, ರೈಲಿನಲ್ಲಿ ಜಾಗವಿಲ್ಲ ಎಂದು ನಿಮ್ಮವ್ವನಿಗೆ ಹೇಳಿ ಕಳಿಸಿದೆ. ಯುದ್ಧ ಮುಗಿದ ಮೇಲೂ ಯುದ್ಧದ ನೆಪ ಹೇಳಿದವನು ಇಡೀ ಮೈಸೂರು ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ಮೂರನೆಯ ಕಾರ್ಡು ನಿನ್ನೆ ಬಂತು. ನಿನ್ನ ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ, ಕಲಿಸಿದವನು ನಾನೇ ಆದ್ದರಿಂದ ಬೈಯುವ ಹಾಗಿಲ್ಲ. ಬರುವ ಸೋಮವಾರ, ಕಾರ್ತಿಕದ ಕಡೇ ಸೋಮವಾರ, ಕೂಸಿಗೆ ಕಿವಿ ಚುಚ್ಚಿಸುತ್ತಾರೆ, ನನಗೆ ಅಣ್ಣತಮ್ಮಂದಿರಿಲ್ಲ, ಸೋದರಮಾವನ ಜಾಗದಲ್ಲಿ ನೀನೇ ಕೂರಬೇಕು ಎಂದು ಬರೆದಿದ್ದೀಯ. ಕೆಳಗೆ, 'ನನ್ನಂತೂ ಒಂದಿನ ತೊಡೆ ಮೇಲೆ ಕೂರಿಸ್ಕಳ್ನಿಲ್ಲ ನೀನು, ನನ್ನ ಮಗನ್ನಾರ ಕೂರಿಸ್ಕೊ ಮಾವ' ಎಂದು ಚುಚ್ಚಿದ್ದೀಯ. ಅದನ್ನು ಓದಿ ನಕ್ಕೆ. ಆಮೇಲೆ ಕಾರ್ಡಿನ ಮೂಲೆಯಲ್ಲಿ, ಜಾಗ ಸಾಲದೆ ಸಣ್ಣದಾಗಿ ಬರೆದದ್ದು ಕಣ್ಣಿಗೆ ಬಿತ್ತು. ಕೂಸು ಅಂಬೆಗಾಲಿಟ್ಟಾಗಿನಿಂದ ಮಂಡಿ ಊದಿಕೊಳ್ಳುತ್ತದೆ, ಎತ್ತಿಕೊಂಡ ಕಡೆಯೆಲ್ಲ ನೀಲಿ ಕಲೆ ಬೀಳುತ್ತದೆ, ದೃಷ್ಟಿಯಾಗಿದೆ ಎಂದು ಅತ್ತೆ ಅಂತ್ರ ಕಟ್ಟಿಸಿದ್ದಾರೆ.

ದೇವೀರಿ, ಸೋಮವಾರ ಕಿವಿ ಚುಚ್ಚಿಸಬೇಡ. ಯಾರು ಏನೇ ಅನ್ನಲಿ, ಆಚಾರಿ ಬಂದು ಬಾಗಿಲಲ್ಲಿ ಕೂತಿರಲಿ, ನೆಂಟರು ಊಟಕ್ಕೆ ಎಲೆ ಹಾಕಿಕೊಂಡಿರಲಿ, ಕೂಸನ್ನು ಎತ್ತಿಕೊಂಡು ಒಳಗೆ ಹೋಗಿ ಅಗಣಿ ಹಾಕಿಕೋ. ನಾನು ಶನಿವಾರ ಬೆಳಗಿನ ರೈಲಿಗೆ ಮದ್ದೂರಿಗೆ ಬಂದಿಳಿಯುತ್ತೇನೆ. ಅಲ್ಲಿಂದ ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಗಾಡಿ, ಅದೂ ಇಲ್ಲದಿದ್ದರೆ ನಡೆದು ಬೆಳ್ಳೂರು ಸೇರುತ್ತೇನೆ. ನನ್ನ ಗಾಜಿನ ಕೊಳವೆಗಳನ್ನು ತರುತ್ತೇನೆ. ಕೂಸಿನ ಬೆರಳ ತುದಿಯಿಂದ ಒಂದು ಹನಿ ರಕ್ತ ಸಾಕು, ಹೆಪ್ಪುಗಟ್ಟುತ್ತದೋ ಇಲ್ಲವೋ ತಿಳಿಯುತ್ತದೆ. ಅಷ್ಟಕ್ಕೆ ಭಯವಿಲ್ಲ, ಒತ್ತಿ ಹಿಡಿದರೆ ನಿಲ್ಲುತ್ತದೆ. ಅದನ್ನು ನೋಡುವವರೆಗೆ ಮಂಡಿಗೆ ಎಣ್ಣೆ ಹಚ್ಚಿ ನೀವುವುದು ಬೇಡ, ಶಾಖ ಬೇಡ. ಒದ್ದೆ ಬಟ್ಟೆ ತಣ್ಣಗೆ ಸುತ್ತಿ, ನಡುಮನೆಯಲ್ಲಿ ಕಂಬಳಿ ಮಡಿಸಿ ಹಾಸಿ ಅದರ ಮೇಲೆ ಬಿಡು.

ನಿಮ್ಮ ಮಾವನವರು ಕೆಂಪಯ್ಯನವರು ಹಟಮಾರಿಗಳು, ನನಗೆ ಗೊತ್ತು. ಮದುವೆಯ ದಿನ ಎಲೆಅಡಿಕೆ ತಟ್ಟೆ ಯಾರ ಕೈಯಲ್ಲಿರಬೇಕು ಎಂದು ಅರ್ಧ ಗಂಟೆ ನಮ್ಮನ್ನು ಚಪ್ಪರದ ಕೆಳಗೆ ನಿಲ್ಲಿಸಿದವರು. ಅವರಿಗೆ ರಕ್ತ, ಹೆಪ್ಪು ಅಂತ ಶಾಸ್ತ್ರ ಹೇಳಲು ಹೋಗಬೇಡ. ಸೋದರಮಾವನ ತೊಡೆ ಈ ವರ್ಷ ಒಳ್ಳೆಯದಲ್ಲವಂತೆ ಎಂದು ಹೇಳು. ಅದನ್ನು ನಂಬುತ್ತಾರೆ. ಇಷ್ಟು ಓದಿದವನು ಇಂಥ ಸುಳ್ಳು ಹೇಳಿಕೊಡುತ್ತಾನಲ್ಲ ಎಂದು ನಗುತ್ತೀಯೇನೋ. ನಗು, ಆದರೆ ಹೇಳು.

ಯಾಕಿಷ್ಟು ಹೆದರುತ್ತೇನೆ ಎನ್ನುವುದನ್ನು ನಿನಗೆ ಬೇರೆ ಹೇಳಬೇಕಾಗಿಲ್ಲ. ನಲವತ್ತೊಂದರ ಬೇಸಿಗೆಯಲ್ಲಿ ಕಣ್ಣಾರೆ ನೋಡಿದ್ದೀಯ. ಹಲ್ಲು ಕೀಳಿಸಿಕೊಂಡು ರಕ್ತ ನಿಲ್ಲದೆ ಮಂಡ್ಯದ ಆಸ್ಪತ್ರೆಗೆ ಬಂದಿದ್ದ ಒಬ್ಬ ಹುಡುಗನ ಜಾಡು ಹಿಡಿದು ನಾನು ಮಳವಳ್ಳಿ, ಮದ್ದೂರಿನ ಹಳ್ಳಿ ಹಳ್ಳಿ ತಿರುಗಲು ಬಂದಿದ್ದೆ. ಇದ್ದಿಲಿನ ಬಸ್ಸು ದಾರಿಯಲ್ಲಿ ನಿಂತಾಗಲೆಲ್ಲ ಕೊಳವೆ ಪೆಟ್ಟಿಗೆಯನ್ನು ಎದೆಗವಚಿಕೊಂಡು ಕೂರುತ್ತಿದ್ದೆ. ಮೊದಲ ಹದಿನೈದು ದಿನ ಒಂದು ಮನೆಯ ಕಥೆಯೂ ನನ್ನ ಕೈಗೆ ಪೂರ್ತಿ ಸಿಗಲಿಲ್ಲ. ಗಂಡಸರು ಜಗಲಿಯ ಮೇಲೆ ಕೂತು ನಾಲೆ ನೀರು, ಕಬ್ಬಿನ ಗದ್ದೆ ಎಂದು ಗಂಟೆಗಟ್ಟಲೆ ಮಾತಾಡುವರು. ಮಕ್ಕಳ ವಿಷಯ ಎತ್ತಿದರೆ 'ಅದ್ನೆಲ್ಲ ಎಂಗುಸ್ರ ಕೇಳಿ ಸೋಮಿ' ಎಂದು ಎದ್ದು ಹೋಗುವರು. ಹೆಂಗಸರು ನನ್ನ ಟೋಪಿ ಕಂಡರೆ ಅಡುಗೆಮನೆ ಸೇರುವರು. ಆಗ ಅಕ್ಕ, ನಿಮ್ಮವ್ವ, ಈ ಮೂದೇವಿಯನ್ನು ಕರೆದುಕೊಂಡು ಹೋಗು, ಹತ್ತು ಜನದ ಮಾತು ಒಬ್ಬಳೇ ಆಡುತ್ತಾಳೆ ಎಂದು ನಿನ್ನನ್ನು ನನ್ನ ಹಿಂದೆ ಕಳಿಸಿದಳು. ನಿನಗೆ ಹದಿನೇಳು ವರ್ಷ.

ಕೊಪ್ಪದ ಮರಿತಾಯಮ್ಮನ ಮನೆ ನೆನಪಿದೆಯಾ? ಎಷ್ಟು ಮಕ್ಕಳಮ್ಮ ಎಂದು ನಾನು ಕೇಳಿದೆ. ಮೂರು ಎಂದಳು. ಎರಡು ಹೆಣ್ಣು, ಒಂದು ಗಂಡು, ಎಲ್ಲರೂ ಗಟ್ಟಿಮುಟ್ಟು. ನಾನು ಬರೆದುಕೊಂಡು, ಇಲ್ಲಿ ಏನೂ ಇಲ್ಲ ಎಂದು ಪುಸ್ತಕ ಮುಚ್ಚಿದೆ. ಹಿತ್ತಿಲ ಬಾಗಿಲು ದಾಟುವಾಗ ನೀನು ನನ್ನ ಕೋಟಿನ ತೋಳು ಜಗ್ಗಿದೆ.

'ಎಷ್ಟು ಮಕ್ಳು ಅಂದ್ರೆ ಇರೋರ್ನ ಯೋಳ್ತಾರೆ ಕನ್ ಮಾವ. ವೋದೋರ್ನ ಯಾರು ಲೆಕ್ಕಕ್ಕಿಡ್ತಾರೆ? ಎಷ್ಟು ಬಾಣ್ತನ ಆಯ್ತು ಅಂತ ಕೇಳು.'

ಹನ್ನೆರಡು ವರ್ಷ ಓದಿದ್ದೇನೆ ನಾನು, ಆ ಮಾತು ನನಗೆ ಹೊಳೆದಿರಲಿಲ್ಲ. ತಿರುಗಿ ಒಳಗೆ ಹೋದೆವು. ನೀನೇ ಕೇಳಿದೆ. ಮರಿತಾಯಮ್ಮ ಬೆರಳು ಮಡಿಸಿ ಎಣಿಸಿದಳು. ಆಮೇಲೆ ಏಳು ಎಂದಳು. ಹೋದ ಮಕ್ಕಳ ಹೆಸರು ಹೇಳಲು ಅವಳ ನಾಲಿಗೆ ಏಳಲಿಲ್ಲ. ಆಗ ನೀನು ಅವಳ ಮನೆಯ ಡಬ್ಬಿಗಳನ್ನೇ ಕೇಳಿ ಇಸಿದುಕೊಂಡು, ಹೆಣ್ಣಿಗೆ ಒಂದು ಅವರೆಕಾಳು, ಗಂಡಿಗೆ ಒಂದು ಹುಣಸೆಬೀಜ, ರಕ್ತ ನಿಲ್ಲದೆ ಹೋದವರಿಗೆ ಒಂದು ಗುಲಗಂಜಿ ಎಂದು ಹೇಳಿಕೊಟ್ಟೆ. ಅವಳು ನೆಲದ ಮೇಲೆ ಸಾಲಾಗಿ ಏಳು ಇಟ್ಟಳು. ಮೂರು ಗುಲಗಂಜಿ. ಮೊದಲನೆಯದಕ್ಕೆ ಬೆರಳಿಟ್ಟು, ಕಿವಿ ಚುಚ್ಚಿಸಿದಾಗ ಎಂದಳು. ಎದ್ದು ಬರುವಾಗ ನಿನ್ನ ಕೈ ಹಿಡಿದುಕೊಂಡು, 'ಇವತ್ಗಂಟ ಯಾರೂ ಕೇಳಿರ್ನಿಲ್ಲ ಕಣವ್ವ' ಎಂದು ಹೇಳಿದ್ದು ಈಗಲೂ ನನ್ನ ಕಿವಿಯಲ್ಲಿದೆ.

ಅಲ್ಲಿಂದ ಮುಂದೆ ಅಮ್ಮಂದಿರು ಹೇಳಿದರು, ಅವರ ಅಕ್ಕತಂಗಿಯರು ಹೇಳಿದರು, ಅವರ ತವರಿನ ದಾರಿ ಹಿಡಿದು ನಾವು ಹೋದೆವು. ನೀನು ಬೀಜ ಇಡಿಸುತ್ತಿದ್ದೆ, ನಾನು ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದೆ. ಜೊತೆಗೆ ನನ್ನ ಕೊಳವೆ ಕೆಲಸ. ರಕ್ತ ತುಂಬಿದ ಸಣ್ಣ ಕೊಳವೆಯನ್ನು ನಿಮಿಷಕ್ಕೊಂದು ಸಲ ತುದಿ ಮುರಿದು ನೋಡುವುದು, ಎರಡು ತುಂಡಿನ ನಡುವೆ ಕೆಂಪು ಎಳೆ ಎಳೆದುಕೊಂಡರೆ ಹೆಪ್ಪುಗಟ್ಟಿತು. ನಮಗೆಲ್ಲ ಐದಾರು ನಿಮಿಷ. ಆ ಮಕ್ಕಳದ್ದು ಮುಕ್ಕಾಲು ಗಂಟೆಯಾದರೂ ನೀರಿನ ಹಾಗೆ ಹರಿಯುತ್ತಿತ್ತು. ಕೊಳವೆ ಪೂರ್ತಿ ಮುರಿದು ಮುಗಿದರೂ ಎಳೆ ಬರುತ್ತಿರಲಿಲ್ಲ.

ಹನ್ನೊಂದು ಮನೆತನ ಸಿಕ್ಕವು. ಬೆಂಗಳೂರಿಗೆ ಬಂದು ಎಲ್ಲವನ್ನೂ ಒಂದೇ ದೊಡ್ಡ ಹಾಳೆಯ ಮೇಲೆ ಬರೆದಾಗ ಸಂಗತಿ ನಿಚ್ಚಳವಾಯಿತು. ಗುಲಗಂಜಿ ಬೀಳುವುದು ಹುಣಸೆಬೀಜದ ಜಾಗದಲ್ಲಿ, ಅದು ನಡೆದು ಬರುವ ದಾರಿ ಮಾತ್ರ ಅವರೆಕಾಳಿನಿಂದ ಅವರೆಕಾಳಿಗೆ. ತಾಯಿ ಆರೋಗ್ಯವಾಗಿಯೇ ಇರುತ್ತಾಳೆ, ಮಗನಿಗೆ ಬರುತ್ತದೆ. ಮಗಳಿಗೂ ದಾಟಬಹುದು, ಅವಳಿಗೆ ಅದರ ಸುಳಿವೇ ಇರುವುದಿಲ್ಲ. ಬೇರೆ ದೇಶದವರು ಇದನ್ನು ಮೊದಲೇ ಕಂಡಿದ್ದರು. ನಮ್ಮ ಜನದಲ್ಲಿ ಈ ಕಾಯಿಲೆ ಇಲ್ಲವೇ ಇಲ್ಲ ಎನ್ನುತ್ತಿದ್ದ ನಮ್ಮ ದೊಡ್ಡ ಡಾಕ್ಟರು ಆ ಹಾಳೆ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಬರೆದ ಲೇಖನ ಇಂಗ್ಲೆಂಡಿನ ಪತ್ರಿಕೆಯಲ್ಲಿ ಅಚ್ಚಾಯಿತು. ನನ್ನ ಹೆಸರು ಬಂತು, ನಿನ್ನ ಹೆಸರು ಬರಲಿಲ್ಲ. ಅದಕ್ಕೂ ಕ್ಷಮೆ ಕೇಳಬೇಕಾಗಿತ್ತು, ಕೇಳಲಿಲ್ಲ.

ಅದೇ ವರ್ಷ ಮನೆಯಲ್ಲಿ ನಿನ್ನನ್ನು ನನಗೇ ಕೊಡುವ ಮಾತು ಬಂತು. ಅಕ್ಕನ ಮಗಳನ್ನು ಮನೆಯಲ್ಲಿಟ್ಟುಕೊಂಡು ಹೊರಗೆ ಹೆಣ್ಣು ಹುಡುಕುತ್ತಾರಾ ಎಂದು ನಮ್ಮವ್ವ, ನಿಮ್ಮಜ್ಜಿ ಹೊಂಬಾಳಮ್ಮ, ಹಟ ಹಿಡಿದಳು. ಹತ್ತಿರದ ರಕ್ತ ಕೂಡಬಾರದು, ನನ್ನ ವಿದ್ಯೆ ಹಾಗೆ ಹೇಳುತ್ತದೆ ಎಂದೆ. ಡಾಕ್ಟರೇ ಹೇಳಿದ ಮೇಲೆ ಯಾರೂ ಎದುರು ಮಾತಾಡಲಿಲ್ಲ. ನೀನು ರಾಗಿ ಬೀಸುತ್ತಿದ್ದವಳು ತಲೆಯೆತ್ತಿ ಒಂದು ಸಲ ನನ್ನ ಮುಖ ನೋಡಿ ಮತ್ತೆ ಬೀಸತೊಡಗಿದೆ. ರಾಮಲಿಂಗಯ್ಯ ಒಳ್ಳೆಯವನು, ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ ಎಂದು ಅಕ್ಕ ಹೇಳಿದಾಗಲೆಲ್ಲ ನನಗೆ ಸಮಾಧಾನ. ಸಮಾಧಾನದ ಜೊತೆಗೆ ಇನ್ನೊಂದೂ ಆಗುತ್ತಿತ್ತು, ಅದು ಇರಲಿ.

ನಿನ್ನ ಕಾರ್ಡು ಬಂದಾಗಿನಿಂದ ಕೆಲಸ ಕೈಗೆ ಹತ್ತುತ್ತಿಲ್ಲ. ನಿನಗೆ ಹೇಳಿದರೆ ಹುಚ್ಚೆನ್ನುತ್ತೀಯ. ಒಳ್ಳೆ ಹಗಲು, ಕಿಟಕಿಯಲ್ಲಿ ಬಿಸಿಲು, ಅಕ್ಕಪಕ್ಕ ಜನ ಓಡಾಡುತ್ತಿರುತ್ತಾರೆ. ಕೊಳವೆ ಹಿಡಿದು ಕೂತಿದ್ದವನಿಗೆ ಎಡ ತೊಡೆ ಬೆಚ್ಚಗೆ ಒದ್ದೆಯಾಗುತ್ತದೆ. ಕೈಯಿಟ್ಟು ನೋಡಿದರೆ ಬಟ್ಟೆ ಒಣಗಿಯೇ ಇರುತ್ತದೆ. ಇದು ಇವತ್ತಿನದಲ್ಲ, ಚಿಕ್ಕಂದಿನಿಂದ ಇದೆ. ಮಗುವೊಂದು ಹತ್ತಿರ ಬಂದು ತೊಡೆ ಏರಲು ನೋಡಿದರೆ ನಾನು ಎದ್ದು ನಿಲ್ಲುತ್ತೇನೆ. ಚಿನ್ನಬೆಳ್ಳಿ ಅಂಗಡಿಗಳ ಬೀದಿಯಲ್ಲಿ ಆ ಸಣ್ಣ ಸುತ್ತಿಗೆ ಸದ್ದು ಕೇಳಲಾರದೆ ಸುತ್ತು ಹಾಕಿಕೊಂಡು ಮನೆಗೆ ಹೋಗುತ್ತೇನೆ. ನಿನ್ನನ್ನು ಕೂರಿಸಿಕೊಳ್ಳದೆ ಇದ್ದದ್ದಕ್ಕೆ ಬೇರೆ ಯಾವ ಕಾರಣವೂ ಇಲ್ಲ, ದೇವೀರಿ. ನಿನ್ನ ಮೇಲೆ ನನಗೆ ಪ್ರೀತಿ ಕಡಿಮೆ ಎಂದುಕೊಂಡಿದ್ದರೆ ಅದನ್ನು ಮನಸ್ಸಿನಿಂದ ತೆಗೆದುಬಿಡು.

ಕೂಸಿಗೆ ಏನೂ ಇಲ್ಲದೆಯೂ ಇರಬಹುದು. ಅಂಬೆಗಾಲಿಡುವ ಮಕ್ಕಳ ಮಂಡಿ ಊದುವುದು ಹೊಸದಲ್ಲ. ಐದು ನಿಮಿಷಕ್ಕೆ ಕೊಳವೆಯಲ್ಲಿ ಎಳೆ ಬಂದರೆ ನಾನೇ ಅಲ್ಲಿ ನಿಂತು ಕಿವಿ ಚುಚ್ಚಿಸಿ, ಹೋಳಿಗೆ ಉಂಡು ಬರುತ್ತೇನೆ. ಬರದಿದ್ದರೆ, ಅವನಿಗೆ ಬೇಕಾದ ಹಾಗೆ ಬದುಕುವುದನ್ನು ಕಲಿಯೋಣ. ಈಗ ಆರೋಗ್ಯವಂತರ ಹೊಸ ರಕ್ತ ಕೊಟ್ಟು ಹರಿಯುವುದನ್ನು ನಿಲ್ಲಿಸಬಹುದು, ಯುದ್ಧದಲ್ಲಿ ಆ ಕೆಲಸ ಎಲ್ಲರಿಗೂ ಕೈಹತ್ತಿದೆ. ಮೊದಲ ಸೀಸೆಗೆ ನನ್ನ ತೋಳಿದೆ. ಅತ್ತೆ ಮನೆಯಲ್ಲಿ ಯಾರಾದರೂ ಇದು ನಿನ್ನ ದೋಷ ಎಂದರೆ ಬಾಯಿ ಮುಚ್ಚಿಕೊಂಡು ಕೇಳಬೇಡ. ನಾನು ಬರುವವರೆಗೆ ತಡಿ, ನಾನು ಮಾತಾಡುತ್ತೇನೆ.

ನಿಮ್ಮೂರಿಗೆ ಕೊಕ್ಕರೆಗಳು ಬರುವ ಕಾಲ ಹತ್ತಿರವಾಯಿತು. ಅವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು, ಕಲ್ಲೆಸೆಯಬಾರದು ಎಂದು ನಿಮ್ಮತ್ತೆ ಮದುವೆಯ ದಿನ ಹೇಳಿದ್ದರು. ಅಂಥವರ ಮನೆ ಸೇರಿದ್ದೀಯ ಎನ್ನುವುದೊಂದು ಧೈರ್ಯ.

ಕೆಂಪಯ್ಯನವರಿಗೆ, ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ರಾಮಲಿಂಗಯ್ಯನಿಗೆ ಆಶೀರ್ವಾದ. ಕೂಸು ನೂರು ವರ್ಷ ಬಾಳಲಿ, ಬಿದ್ದು ಎದ್ದು, ಗಾಯ ಮಾಡಿಕೊಂಡು ಮಾಯಿಸಿಕೊಂಡು ಬೆಳೆಯಲಿ. ನಿನ್ನ ಮುತ್ತೈದೆತನ ಗಟ್ಟಿಯಾಗಿರಲಿ.

ಇಂತು ನಿನ್ನ ಮಾವ,
ಚಲುವರಾಜು

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು. ಅಂಚೆಪೆಟ್ಟಿಗೆಯವರೆಗೆ ಹೋಗಿ, ವಾಪಸು ಬಂದು, ಬಿಚ್ಚಿ ಬರೆಯುತ್ತಿದ್ದೇನೆ. ಎದುರಿಗೆ ಬಂದರೆ ನನ್ನ ಬಾಯಲ್ಲಿ ಇದು ಬರುವುದಿಲ್ಲ. ಒಂದು ಸಲ ನೀನೇ ಕೇಳಿದಾಗ ಬರಲಿಲ್ಲ.

ಮನೆತನಗಳು ಹನ್ನೊಂದಲ್ಲ, ಹನ್ನೆರಡು. ಹನ್ನೆರಡನೆಯದರ ಹಾಳೆ ನನ್ನ ಮೇಜಿನ ಖಾನೆಯಲ್ಲಿ ಬೀಗದೊಳಗಿದೆ. ಅದು ಬೆಳಕವಾಡಿಯದು, ನಮ್ಮದು.

ನಿನಗೆ ಸೋದರಮಾವನಾಗುವ ಮೊದಲೇ ನಾನು ಇನ್ನೊಬ್ಬನಿಗೆ ಸೋದರಮಾವನಾಗಿದ್ದೆ. ನೀನು ಹುಟ್ಟುವುದಕ್ಕೆ ಎರಡು ವರ್ಷ ಮುಂಚೆ, ನಿಮ್ಮವ್ವನಿಗೆ ಒಂದು ಗಂಡು ಕೂಸಿತ್ತು. ಕಿವಿ ಚುಚ್ಚಿಸುವ ದಿನ ಹನ್ನೆರಡು ವರ್ಷದ ನನ್ನನ್ನು ಮಣೆಯ ಮೇಲೆ ಕೂರಿಸಿ, ಹೊಸ ಪಂಚೆ ಉಡಿಸಿ, ಎಡ ತೊಡೆಯ ಮೇಲೆ ಅವನನ್ನು ಕೂರಿಸಿದರು. ಬಿಗಿಯಾಗಿ ಹಿಡಿದುಕೋ ಎಂದರು, ಹಿಡಿದುಕೊಂಡೆ. ಆಚಾರಿಯ ತಂತಿ ಒಳಗೆ ಹೋಯಿತು. ಅರಿಸಿನ ಒತ್ತಿದರು, ಸುಣ್ಣ ಹಚ್ಚಿದರು, ಜೇಡರಬಲೆ ತಂದು ಮೆತ್ತಿದರು. ಮೂರು ದಿನ ಹನಿ ನಿಲ್ಲಲಿಲ್ಲ. ನಾಲ್ಕನೆಯ ದಿನ ನಮ್ಮವ್ವ ನನ್ನನ್ನು ನೋಡಿ, 'ಇವನ್ ತೊಡೆ ಒಳ್ಳೇದಲ್ಲ' ಎಂದಳು. ತಿಂಗಳೊಳಗೆ ನನ್ನನ್ನು ಮಂಡ್ಯದಲ್ಲಿ ಓದಲು ಬಿಟ್ಟರು. ಊರೆಲ್ಲ ನಾನು ಜಾಣ, ಅದಕ್ಕೇ ಓದಿದೆ ಎನ್ನುತ್ತದೆ. ಅವ್ವನ ಆ ಮಾತು ಸುಳ್ಳೆಂದು ತೋರಿಸಲು ಓದಿದೆ ನಾನು.

ತೋರಿಸಿದೆ. ನನ್ನ ತೊಡೆಯ ತಪ್ಪಿರಲಿಲ್ಲ. ಆದರೆ ಅದನ್ನು ಹೇಳಬೇಕೆಂದರೆ, ಅಕ್ಕಾ, ಅದು ನಿನ್ನಿಂದ ಬಂತು, ನಮ್ಮವ್ವನಿಂದ ನಿನಗೆ ಬಂತು ಎಂದು ಹೇಳಬೇಕು. ಆ ಇಪ್ಪತ್ತು ವರ್ಷದಲ್ಲಿ ಅಕ್ಕ ಒಂದು ದಿನವೂ ನನ್ನನ್ನು ದೂರಿರಲಿಲ್ಲ. ನನ್ನ ಮೇಲಿನ ಮಾತನ್ನು ತೆಗೆದು ಅವಳ ಮೇಲೆ ಹೇಗೆ ಹೊರಿಸಲಿ?

ಅದೇ ಬೇಸಿಗೆ, ಒಂದು ಮಧ್ಯಾಹ್ನ, ನೀನು ಆಟಕ್ಕೆ ನಮ್ಮ ಮನೆಯದೇ ಸಾಲು ಇಟ್ಟೆ. ನಿಮ್ಮಜ್ಜಿಗೆ ಒಂದು ಅವರೆಕಾಳು, ಅವಳ ಕೆಳಗೆ ನಿಮ್ಮವ್ವ, ನಾನು, ನಿಮ್ಮವ್ವನ ಕೆಳಗೆ ನೀನೊಬ್ಬಳೇ. 'ನಮ್ಮನೆ ಸಾಲು ಸರಿಯಾಗೈತಾ ಮಾವ?' ಎಂದು ಕೇಳಿದೆ. ಬಾಗಿಲಲ್ಲಿ ಅಕ್ಕ ಅಕ್ಕಿ ಕೇರುತ್ತಿದ್ದಳು. ಮೊರದ ಸದ್ದು ನಿಂತಿತು. ಸರಿಯಾಗಿದೆ ಎಂದೆ. ಮೊರ ಮತ್ತೆ ಶುರುವಾಯಿತು.

ಆ ಒಂದು ಮಾತನ್ನು ನಂಬಿ ನೀನು ಮದುವೆಯಾದೆ. ಹತ್ತಿರದ ರಕ್ತ ಎಂದು ನಾನು ಹೇಳಿದ್ದು ಈ ಕಾಯಿಲೆಯ ಮಟ್ಟಿಗೆ ಶುದ್ಧ ಸುಳ್ಳು. ಇದು ಗಂಡ ಯಾರೆಂದು ಕೇಳುವುದಿಲ್ಲ, ತಾಯಿಯ ಕೈಹಿಡಿದು ಬರುತ್ತದೆ. ಅದು ನನಗೆ ಗೊತ್ತಿತ್ತು. ನನ್ನ ಮಕ್ಕಳು ಹಾಗೆ ಹೋಗುವುದನ್ನು ನೋಡಲಾರೆ ಎಂದು ನಿನ್ನನ್ನು ಬಿಟ್ಟೆ, ನಿನ್ನ ಮಕ್ಕಳಿಗೂ ಇದು ಬರಬಹುದೆಂದು ನಿನಗೆ ಹೇಳದೆ ಬಿಟ್ಟೆ. ಇದಕ್ಕೆ ಕ್ಷಮೆ ಕೇಳುವ ಮುಖ ನನಗಿಲ್ಲ.

ಲಕೋಟೆಯಲ್ಲಿ ಒಂದು ಗುಲಗಂಜಿ ಹಾಕಿದ್ದೇನೆ. ಅಂಚೆಯವನ ಮುದ್ರೆಗೆ ಒಡೆಯದಿದ್ದರೆ ನಿನ್ನ ಕೈ ಸೇರುತ್ತದೆ. ಅಕ್ಕ ಭಾನುವಾರ ನಿಮ್ಮಲ್ಲಿಗೆ ಬರುತ್ತಾಳೆ. ಯಾರೂ ಇಲ್ಲದಾಗ ಅವಳ ಪಕ್ಕದಲ್ಲಿ ಕೂತು ಸಾಲು ಇಡು. ಎಷ್ಟು ಮಕ್ಕಳು ಎಂದು ಕೇಳಬೇಡ. ನೀನು ನನಗೆ ಕಲಿಸಿಕೊಟ್ಟ ಹಾಗೆ ಕೇಳು. ಅವಳು ಹೇಳಿದ ಮೇಲೆ, ನಿನ್ನ ಕಾಳಿಗಿಂತ ಮುಂಚೆ ಈ ಗುಲಗಂಜಿ ಇಡು. ಅವನ ಹೆಸರು ಪುಟ್ಟಮಾದಯ್ಯ.